ಸೊಟ್ಟ ಬೆರಳು

ಶವಪೆಟ್ಟಿಗೆಯ ಮೇಲೆ ಬಗ್ಗಿ ಅರ್ನೆಟಾ ತಮ್ಮನ ಬಲಗೈಗೆ ಬಿಳಿ ಕೈಗವಸು ತೊಡಿಸುತ್ತಿದ್ದಳು. ಮೂರು ಬೆರಳು ಒಳಗೆ ಹೋದವು. ಮುರಿದು ಕೂಡಿಕೊಂಡಿದ್ದ ಉಳಿದೆರಡು ಹೊರಕ್ಕೆ ಸೊಟ್ಟಗೆ ತಿರುಗಿದ್ದವು. ಬಿಚ್ಚಿ ಮತ್ತೆ ಮೊದಲಿಂದ ತೊಡಿಸಿದಳು. ಆಗಲಿಲ್ಲ. ಗವಸನ್ನು ಮಡಿಸಿ ಕೈಯಲ್ಲೇ ಇಟ್ಟುಕೊಂಡಳು.

“ಬಿಡೇ,” ಎಂದಳು ಪಾಸ್ಟರ ಹೆಂಡತಿ ಯೂಲಾ. “ಡೆಲ್‌ರಾಯ್ ಬೆರಳು ಊರಿಗೆಲ್ಲ ಗೊತ್ತಿರೋದೇ.”

“ಅದಕ್ಕೇ ಮುಚ್ಚೋಣ ಅಂದ್ಕೊಂಡೆ. ಇವತ್ತೊಂದಿನ ಅವನು ಬರೀ ನನ್ನ ತಮ್ಮ. ಆಟದ ಮಾತು ಬೇಡ ಅಂತ ಪಾಸ್ಟರಿಗೂ ಹೇಳಿದೀನಿ.”

“ಅವರು ಆ ಮಾತು ಎತ್ತಲ್ಲ. ಕೋಚ್ ಬಾಯಿ ಯಾರು ಮುಚ್ಚಿಸ್ತಾರೆ?”

ಶಾಲೆಯಲ್ಲಿ ಅವನಿಗೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಕಲಿಸಿದ ಮುದುಕ ಹಬರ್ಡ್, ಕಂಕುಳಲ್ಲಿ ಮೊಟ್ಟೆಯಾಕಾರದ ಚೆಂಡು ಇಟ್ಟುಕೊಂಡೇ ಚರ್ಚಿಗೆ ಬಂದ. ಯಾರನ್ನೂ ಕೇಳದೆ ಅದನ್ನು ಡೆಲ್‌ರಾಯ್‌ನ ಬಲಗೈಯೊಳಗೆ ಇಟ್ಟ. ಗವಸಿಗೆ ಒಗ್ಗದ ಬೆರಳುಗಳು ಚೆಂಡಿನ ಹೊಟ್ಟೆಗೆ ಅಚ್ಚಿನಂತೆ ಕೂತವು.

“ಆಮೆನ್!” ಎಂದಿತು ಚರ್ಚು.

“ಇಂಥಾ ಓಟ ನಾನು ಕಂಡಿಲ್ಲ,” ಎಂದು ಹಬರ್ಡ್ ಶುರುಮಾಡಿದ. “ಒಂದ್ಸಲ ತಲೆಗೆ ಡಿಕ್ಕಿ ಹೊಡೆಸ್ಕೊಂಡು ಬಿದ್ದ. ನಾನು ಓಡಿಹೋಗಿ ಕೈ ತೋರಿಸಿ, ಇದೆಷ್ಟು ಬೆರಳೋ ಅಂದೆ. ‘ಬೆರಳು ನಿಮ್ದು ಕೋಚ್, ನಿಮಗೇ ಗೊತ್ತಿರಬೇಕಲ್ಲ’ ಅಂದ! ಇವನಿಗೇನೂ ಆಗಿಲ್ಲ ಅಂತ ಮತ್ತೆ ಒಳಗೆ ಕಳಿಸ್ದೆ. ಗೆದ್ದು ಬಂದ ನನ್ಮಗ!”

ಜನ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಯೂಲಾ ಕೂಡ ನಕ್ಕಳು.

*

ಆ ಪಂದ್ಯದ ರಾತ್ರಿ ಡೆಲ್‌ರಾಯ್ ಬೂಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದ.

“ಅಕ್ಕಾ, ಇವತ್ತು ಆಟ ಇತ್ತಾ?”

“ತಮಾಷೆ ಮಾಡ್ಬೇಡ್ವೋ.”

ಅವನು ಮತ್ತೆ ಅದನ್ನೇ ಕೇಳಿದ.

*

ಆಮೇಲೆ ದೊಡ್ಡ ತಂಡ ಅವನನ್ನು ಕೊಂಡುಕೊಂಡಿತು. ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವುದು ಅವನ ಕೆಲಸ. ಹಿಡಿದ ಗಳಿಗೆಗೇ ಯಾರಾದರೂ ಬಂದು ತಲೆಗೆ ಗುದ್ದುತ್ತಿದ್ದರು. ಕಾಲು ನಿಧಾನವಾದ ವರ್ಷವೇ ಅವನನ್ನು ಬಿಟ್ಟರು.

ಮನೆಗೆ ಬಂದವನಿಗೆ ದಾರಿ ಮರೆಯತೊಡಗಿತು, ಅಕ್ಕನ ಹೆಸರು ಮರೆಯಿತು. ಕಬ್ಬಿನ ಹೊಗೆ ಮಾತ್ರ ಮರೆಯಲಿಲ್ಲ. ಫ್ಲೋರಿಡಾದ ಈ ಕಪ್ಪುನೆಲದಲ್ಲಿ ಕೊಯ್ಲಿಗೆ ಮುಂಚೆ ಸೋಗೆ ಸುಡಲೆಂದು ಕಬ್ಬಿನ ಗದ್ದೆಗೆ ಬೆಂಕಿ ಇಡುತ್ತಾರೆ. ಬೆಂಕಿಗೆ ಬೆದರಿ ಹೊರಗೆ ಹಾರುವ ಮೊಲಗಳನ್ನು ಹುಡುಗರು ಅಟ್ಟಿ ಹಿಡಿಯುತ್ತಾರೆ. ಡೆಲ್‌ರಾಯ್ ಓಡಲು ಕಲಿತದ್ದು ಹಾಗೆ. ಕಳೆದ ವಾರ ಹೊಗೆಯ ವಾಸನೆ ಬಂದಾಗ ಬಾಗಿಲು ತೆಗೆದು ಓಡಿದ. ಮೊಲಗಳು ಹೊರಗೆ ಬರುತ್ತಿದ್ದವು. ಅವನು ಒಳಗೆ ಹೋದ. ಹೊಗೆ ಕುಡಿದು ಸತ್ತವನನ್ನು ಎತ್ತಿ ತಂದರು.

*

ಮಣ್ಣು ಮಾಡಿ ಬಂದು ಚರ್ಚಿನ ಹಿಂದಿನ ಹಜಾರದಲ್ಲಿ ಊಟಕ್ಕೆ ಕೂತರು. ಕರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ. ಯಾರೋ ಟೀವಿ ಹಾಕಿದರು. ಶನಿವಾರ, ಕಾಲೇಜು ಹುಡುಗರ ಪಂದ್ಯ.

“ನಮ್ಮೂರ ಹುಡುಗ ಕಣೋ ಅವನು! ಡೆಲ್‌ರಾಯ್ ಥರಾನೇ ಓಡ್ತಾನೆ ನೋಡು!” ಎಂದ ಹಬರ್ಡ್, ಕೋಳಿಕಾಲನ್ನು ಎತ್ತಿ ತೋರಿಸುತ್ತ.

ಹುಡುಗ ನೆಗೆದು ಚೆಂಡು ಹಿಡಿದ. ಪಕ್ಕದಿಂದ ಬಂದವನು ತಲೆಯಿಂದ ತಲೆಗೆ ಗುದ್ದಿದ. ಹಜಾರವೆಲ್ಲ “ಓಹ್!” ಎಂದಿತು. ಹುಡುಗ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ತನ್ನ ತಂಡದವರನ್ನು ಬಿಟ್ಟು ಎದುರಾಳಿಗಳ ಸಾಲಿನ ಕಡೆಗೆ ನಡೆದುಹೋದ.

“ಎದ್ದ, ಎದ್ದ! ಗಟ್ಟಿ ಪಿಂಡ!” ಚಪ್ಪಾಳೆ ಬಿತ್ತು.

ಕೈಯಲ್ಲಿ ಇನ್ನೂ ಬಿಳಿ ಗವಸು ಹಿಡಿದಿದ್ದ ಅರ್ನೆಟಾ ಎದ್ದು ನಿಂತಳು.

“ಯಾರಾದ್ರೂ ಆ ಟೀವಿ ಆರಿಸ್ತೀರಾ?”

ಪರದೆಯ ಮೇಲೆ ಅದೇ ಗುದ್ದನ್ನು ಮತ್ತೆ ತೋರಿಸುತ್ತಿದ್ದರು; ಹುಡುಗ ಮತ್ತೊಮ್ಮೆ, ನಿಧಾನವಾಗಿ, ಬೀಳುತ್ತಿದ್ದ.