ಅಂಚು ಮುಟ್ಟುವವರೆಗೆ

ಅಲುಗಿತು, ಇಲ್ಲ, ಅಲುಗಿದ್ದು ಅವಳ ಉಸಿರಿಗೇ, ಮುಖ ಹಿಂದಕ್ಕೆಳೆದುಕೊಂಡರೆ ಜ್ವಾಲೆ ಮತ್ತೆ ನೆಟ್ಟಗೆ, ಬಚ್ಚಲಿನ ಕಿಟಕಿ ಮುಚ್ಚಿದೆ, ಬಾಗಿಲ ಸಂದಿಗೆ ಒದ್ದೆ ಟವೆಲ್ಲು, ಮಗುಚಿದ ಬಕೆಟ್ಟಿನ ಮೇಲೆ ಕೂತು ಕೂತು ಸೊಂಟ ಮರಗಟ್ಟಿದೆ, ಆದರೂ ಏಳುವಂತಿಲ್ಲ, ಉರಿಯುವ ಮೇಣವನ್ನು ಒಂಟಿ ಬಿಡಬಾರದು, ಗಾಳಿ ಸೋಕಿದರೆ ಬತ್ತಿಯ ಪರೀಕ್ಷೆ ಕೆಟ್ಟಂತೆಯೇ — ಈ ಮನೆಯಲ್ಲಿ ಬೇರೆಲ್ಲಿ ಹಚ್ಚುವುದು, ಆ ತುದಿಯ ಕೋಣೆಯಲ್ಲಿ ಅಪ್ಪನ ಆಕ್ಸಿಜನ್ ಮಷೀನು ಹಗಲಿರುಳು ಗುರುಗುಡುತ್ತದೆ, ತಂದಿಟ್ಟವನು ಹೇಳಿ ಹೋಗಿದ್ದ, ಬೆಂಕಿ ಅನ್ನೋದು ಹತ್ತಿರ ಸುಳೀಬಾರದಮ್ಮ, ಹೊದಿಕೆಗೂ ಅಂಗಿಗೂ ಆ ಗಾಳಿ ಸೇರಿಕೊಂಡಿರುತ್ತೆ, ಅಂದೇ ಗ್ಯಾಸಿನ ಒಲೆ ಹೋಗಿ ಕರೆಂಟಿನದು ಬಂತು, ಹಿಂದೆಯೇ ಅವಳ ಹೋಟೆಲಿನ ರಿಸೆಪ್ಷನ್ ಕೆಲಸವೂ ಹೋಯಿತು, ಮನೇಲೇ ಕೂತು ಏನಾದ್ರೂ ಮಾಡು ಅಂದವನು ಅಣ್ಣ, ಸೋಯಾ ಮೇಣ ಕರಗಿಸಿ ಗಾಜಿನ ಲೋಟಕ್ಕೆ ಹೊಯ್ದು ಮೇಣದಬತ್ತಿ ಮಾಡತೊಡಗಿದಾಗ ನಕ್ಕವನೂ ಅವನೇ, ಅಂತೂ ಬತ್ತಿ ಇಡೋ ಕೆಲಸಾನೇ ಹಿಡಿದೆಯಲ್ಲ, ಇಟ್ಟವನು ನೀನಲ್ಲವೇ ಅಣ್ಣ, ಭಾನುವಾರ ಬಂದು ಅಪ್ಪನ ಕಾಲ ಬಳಿ ಒಂದಿಷ್ಟು ಹೊತ್ತು ಕೂತು ಎದ್ದು ಹೋಗುವವನು — ಅಂದಳೇ, ಎಲ್ಲಿ ಅಂದಳು, ಅವಳೂ ನಕ್ಕಳು. ಮೊದಲು ಹಾಕಿದ್ದು ತೆಳು ಬತ್ತಿ, ಈ ಮೇಣ ಮಂದ, ಸುಲಭಕ್ಕೆ ಬಗ್ಗುವುದಲ್ಲ, ಬತ್ತಿ ತನ್ನ ಸುತ್ತ ಮಾತ್ರ ಕರಗಿಸಿಕೊಂಡು ನಡುವೆ ಬಾವಿ ತೋಡಿತು, ಗೋಡೆ ಹಾಗೇ ನಿಂತಿತು, ತಾನು ತಳದಲ್ಲಿ ಮುಳುಗಿ ಸತ್ತಿತು, ಉಡುಗೊರೆ ಅಂಗಡಿಯಾಕೆ ಅದನ್ನು ವಾಪಸು ಕೊಡುತ್ತ ಪಾಪ ಅಂದಿದ್ದರು, ದಪ್ಪದ್ದು ಹಾಕಿದರೆ ತುದಿಗೆ ಅಣಬೆಯಂಥ ಕರಿ ಕಟ್ಟಿ ಗಾಜೆಲ್ಲ ಮಸಿ, ಇವತ್ತಿನದು ಎರಡರ ನಡುವಿನ ಗಾತ್ರ, ತುದಿ ಕತ್ತರಿಸಿ ಗಿಡ್ಡ ಮಾಡಿದ್ದಾಳೆ, ಕರಗಿದ ಮೇಣ ಸುತ್ತಲೂ ಗಾಜಿನ ಅಂಚು ಮುಟ್ಟಬೇಕು, ಮುಟ್ಟಿದರೆ ಅಂಗಡಿಯ ಹಿಂದಿನ ಕೋಣೆ ಅವಳದು, ದಿನಾ ಮಧ್ಯಾಹ್ನ ಬಂದು ಇಲ್ಲೇ ಮಾಡಿ ಅಂದಿದ್ದಾರೆ ಆಕೆ, ದೊಡ್ಡ ಕಿಟಕಿ, ಕಿಟಕಿಯಾಚೆ ಬೀದಿ, ಬೀದಿ ತುಂಬ ಯಾರ್ಯಾರೋ, ಅಪ್ಪನ್ನ ಯಾರು ನೋಡ್ಕೋತಾರೆ ಅಂದ ಅಣ್ಣ, ಟಣ್.

ಕೂಗಲು ಅಪ್ಪನಿಗೆ ಉಸಿರಿಲ್ಲ, ಲೋಟಕ್ಕೆ ಚಮಚ ಬಡಿಯುತ್ತಾನೆ, ನಿನ್ನೆ ಬಡಿದಾಗ ಆರಿಸಿ ಓಡಿದ್ದಳು, ಮೊನ್ನೆಯೂ, ಹೋಗಿ ನೋಡಿದರೆ ದಿಂಬು ಸರಿದಿರುತ್ತದೆ, ಫ್ಯಾನು ಜೋರಾಗಿರುತ್ತದೆ, ನಡುವೆ ಆರಿಸಿದ ಬತ್ತಿಯನ್ನು ನಂಬುವಂತಿಲ್ಲ, ಮತ್ತೆ ಮೊದಲಿಂದ, ಟಣ್, ಬಂದೆ ಅಪ್ಪ, ಅಂಚಿಗೆ ಇನ್ನೊಂದು ಉಗುರಿನಷ್ಟು, ಟಣ್, ಇವತ್ತು ಏಳುವುದಿಲ್ಲ, ದಿಂಬೇ ಇರಬೇಕು, ದಿಂಬೇ ಆಗಿರಲಿ ದೇವರೇ, ಅರ್ಧ ಉಗುರು, ಕೂದಲೆಳೆ, ಮುಟ್ಟಿತು, ಸುತ್ತಲೂ ಮುಟ್ಟಿತು — ಸದ್ದು ಯಾವಾಗ ನಿಂತಿತು, ಬಾಗಿಲಿಗೆ ಏನೋ ಬಂದು ಒರಗಿತು, ಟವೆಲ್ಲು ತಳ್ಳಿ ತೆರೆದರೆ ಅಪ್ಪ, ಗೋಡೆ ಹಿಡಿದು ನಿಂತ ಅಪ್ಪ, ಮೂಗಿನಲ್ಲಿ ನಳಿಕೆಯಿಲ್ಲ, ಕೆನ್ನೆಯ ಮೇಲೆ ಅದು ಒತ್ತಿದ ಗೆರೆ, ಮೈಮೇಲೆ ಅಂಗಿಯೂ ಇಲ್ಲ, ಪೈಪು ಅಲ್ಲೇ ಬಿಟ್ಟೆ, ಅಂಗೀನೂ, ಬೆಂಕಿ ನೋಡಿ ಎಷ್ಟು ಕಾಲ ಆಯ್ತು, ಒಂದ್ಸಲ ನೋಡೋಣ ಅಂತ ಕರೆದೆ ಕಣೇ ಅಂದ, ಅವಳು ಅವನ ಕಂಕುಳಿಗೆ ಹೆಗಲು ಕೊಟ್ಟಳು, ಕೋಣೆಗೆ ಒಯ್ಯಬೇಕು, ಈಗಲೇ, ಉರಿಯುವುದನ್ನು ಬಿಟ್ಟು ಹೇಗೆ ಹೋಗುವುದು, ಆರಿಸಲೆಂದು ಬಾಗಿದಳು, ಬೇಡ, ನಾನು ಆರಿಸ್ತೀನಿ ಅಂದ ಅಪ್ಪ, ಉಸಿರಾಟದ ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ದಿನಾ ಹೇಳುತ್ತಾಳೆ, ದೀಪ ಊದೋ ಹಾಗೆ ತುಟಿ ಮಾಡಿ ತಾತ, ಅಪ್ಪ ಜ್ವಾಲೆಯತ್ತ ಬಾಗಿ ಹಾಗೆಯೇ ತುಟಿ ಚೂಪು ಮಾಡಿದ, ಊದಿದ, ಅವನ ಭಾರವೆಲ್ಲ ಅವಳ ಹೆಗಲಿಗಿಳಿಯಿತು, ತುಟಿ ನೀಲಿಯಾಗುತ್ತಿದೆ, ಮತ್ತೆ ಊದಿದ, ಇಷ್ಟು ಹತ್ತಿರದಿಂದ, ಜ್ವಾಲೆ ಬಾಗಲಿಲ್ಲ, ಮತ್ತೆ ಊದಿದ, ಜ್ವಾಲೆ ನೆಟ್ಟಗೆ, ಅಲುಗದೆ, ನೆಟ್ಟಗೆ