ಮೂರನೆಯ ತಟ್ಟೆ

ಮಕ್ಕಳನ್ನು ನೋಡಿಕೊಳ್ಳಲು ಗಂಡಸು ಬಂದಿದ್ದಾನೆಂದು ಕೇಳಿ ಪಕ್ಕದ ಮನೆಯ ಬೆನೆಡಿಕ್ಟಾ ನಕ್ಕಳು. ಸ್ವರ್ಣಲತಾಗೂ ಹಿಂಜರಿಕೆಯಿತ್ತು. ಆದರೆ ಗಂಡ ಮಸ್ಕತ್‌ನಲ್ಲಿ. ಅವಳು ಬೆಳಿಗ್ಗೆ ಏಳಕ್ಕೆ ಕಾಪುವಿನಿಂದ ನಿಟ್ಟೆಯ ಕಾಲೇಜಿಗೆ ಹೊರಡಬೇಕು. ಕೆಲಸಕ್ಕೆ ಬಂದ ಹೆಂಗಸರು ಯಾರೂ ತಿಂಗಳು ನಿಂತಿರಲಿಲ್ಲ. ಮೂವತ್ತು ವರ್ಷ ಮೀನುಗಾರಿಕೆ ಬೋಟಿನಲ್ಲಿ ಅಡುಗೆ ಮಾಡಿದ್ದ ವಿಠಲ, ಮನೆಯಲ್ಲೇ ಉಳಿದು ನೋಡಿಕೊಳ್ಳುತ್ತೇನೆ ಎಂದ.

ಒಂದೇ ವಾರದಲ್ಲಿ ಮನೆ ಹದಕ್ಕೆ ಬಂತು. ಮೂರು ವರ್ಷದ ತಿಲಕ್ ತಟ್ಟೆ ಎಸೆದರೆ ವಿಠಲ ಗದರಲಿಲ್ಲ. ತಾನೂ ಒಂದು ತಟ್ಟೆ ಎಸೆದು, "ಈಗ ಇಬ್ಬರೂ ಹೆಕ್ಕುವ" ಎಂದ. ಏಳು ವರ್ಷದ ತೃಪ್ತಿಗೆ ಹಗ್ಗದ ಗಂಟು ಹಾಕಲು ಕಲಿಸಿದ.

ಒಂದು ಭಾನುವಾರ ಊಟಕ್ಕೆ ಅವನು ಮಕ್ಕಳಿಗೆಂದು ಮೂರು ತಟ್ಟೆ ಇಟ್ಟ.

"ಇದು ಯಾರಿಗೆ, ವಿಠಲಣ್ಣ?" ಎಂದಳು ಸ್ವರ್ಣಲತಾ.

"ಸಣ್ಣವನಿಗೆ."

"ಸಣ್ಣವ ತಿಲಕ್ ಅಲ್ವಾ?"

ಅವನು ಆ ತಟ್ಟೆಯನ್ನು ಒರೆಸಿ ಮತ್ತೆ ಅಲ್ಲೇ ಇಟ್ಟ.

ಬೆನೆಡಿಕ್ಟಾ ವಿಚಾರಿಸಿಕೊಂಡು ಬಂದಳು. ಎಂಟು ವರ್ಷದ ಹಿಂದೆ ವಿಠಲನ ಮೊಮ್ಮಗ ಅವನ ಕೈ ಬಿಡಿಸಿಕೊಂಡು ಕಡಲಿಗಿಳಿದಿದ್ದ. ದೇಹವೂ ಸಿಕ್ಕಿರಲಿಲ್ಲ.

"ಬೇರೆ ಜನ ನೋಡು ಮಾರಾಯ್ತಿ," ಎಂದಳು.

ಕಾಲೇಜಿನ ಪರೀಕ್ಷೆ ಮುಗಿಯಲಿ ಎಂದು ಸ್ವರ್ಣಲತಾ ಒಂದು ವಾರ ಮುಂದೂಡಿದಳು.

ಗುರುವಾರ ತೃಪ್ತಿಯ ಶಾಲೆಗೆ ರಜೆ. ಸ್ವರ್ಣಲತಾ ಮಧ್ಯಾಹ್ನವೇ ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಕಡಲ ಕಡೆಗೆ ಓಡಿದಳು.

ನೀರು ಏರುತ್ತಿತ್ತು. ದಡದಿಂದ ಆಚೆ ಒಂದು ಬಂಡೆಯ ಮೇಲೆ ವಿಠಲ ಕೂತಿದ್ದ. ಅವನ ಸೊಂಟದಿಂದ ಹೊರಟ ಹಗ್ಗ ತೃಪ್ತಿಯ ಸೊಂಟವನ್ನು, ಅಲ್ಲಿಂದ ತಿಲಕ್‌ನ ಸೊಂಟವನ್ನು ಸುತ್ತಿತ್ತು. ಹಗ್ಗದ ತುದಿಯಲ್ಲಿ ಇನ್ನೊಂದು ಕುಣಿಕೆ ಖಾಲಿ ಇತ್ತು.

ಕೂಗಿದರೆ ಅವನು ಬೆದರಿಯಾನು. ಅವಳು ಮೊಣಕಾಲುದ್ದ ನೀರಿಗೆ ಇಳಿದು ಮೆಲ್ಲನೆ ಕರೆದಳು. "ಊಟಕ್ಕೆ ತಡವಾಯ್ತು ವಿಠಲಣ್ಣ. ಬನ್ನಿ."

"ಒಬ್ಬ ಬಾಕಿ ಉಂಟು ಅಮ್ಮ. ಮಕ್ಕಳು ಕರೆದರೆ ಬರ್ತಾನೆ ಅಂತ ಇವರನ್ನು ತಂದೆ."

ತಿಲಕ್‌ನ ಪಾದಗಳ ಮೇಲೆ ಒಂದು ಅಲೆ ಹಾದುಹೋಯಿತು. ಅವನು ಅಳಲು ಶುರುಮಾಡಿದ.

"ಅವನು ಮನೆಗೆ ಬಂದಿದ್ದಾನೆ," ಎಂದಳು ಸ್ವರ್ಣಲತಾ. "ನಾನೇ ಒಳಗೆ ಕೂರಿಸಿ ಬಂದೆ. ಹಸಿವೆಯಂತೆ ಅವನಿಗೆ."

ವಿಠಲ ಅವಳ ಮುಖವನ್ನೇ ನೋಡಿದ. ಆಮೇಲೆ ತಿಲಕ್‌ನನ್ನು ಎತ್ತಿಕೊಂಡು, ತೃಪ್ತಿಯ ಕೈ ಹಿಡಿದು ನೀರಿಗೆ ಇಳಿದ. ದಡ ಮುಟ್ಟಿದ ಕೂಡಲೇ ಸ್ವರ್ಣಲತಾ ಮಕ್ಕಳ ಸೊಂಟದ ಹಗ್ಗ ಬಿಚ್ಚಿದಳು.

ಬೆನೆಡಿಕ್ಟಾ ಫೋನ್ ಮಾಡಿದ್ದರಿಂದ ವಿಠಲನ ಮಗಳು ಭವ್ಯಶ್ರೀ ಇನ್ನಂಜೆಯಿಂದ ರಿಕ್ಷಾದಲ್ಲಿ ಬಂದಳು. ಅಷ್ಟರಲ್ಲಿ ವಿಠಲ ಮನೆಯ ಎಲ್ಲ ಕೋಣೆಗಳನ್ನೂ ಎರಡೆರಡು ಸಲ ನೋಡಿ ಬಂದಿದ್ದ. ನಡೆದದ್ದನ್ನು ಕೇಳಿ ಭವ್ಯಶ್ರೀ ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿದಳು.

"ನಿಮ್ಮದು ತಪ್ಪಲ್ಲ," ಎಂದಳು ಸ್ವರ್ಣಲತಾಗೆ. "ಆದರೆ ಅವ ಇಲ್ಲಿದ್ದಾನೆ ಅಂತ ಹೇಳಿಬಿಟ್ಟಿರಿ. ಇನ್ನು ಅಪ್ಪ ಇಲ್ಲಿಗೆ ಬಾರದೆ ಇರುವುದಿಲ್ಲ."

ರಿಕ್ಷಾ ತಿರುಗಿ ಮರೆಯಾಗುತ್ತಲೇ ಸ್ವರ್ಣಲತಾ ಮಕ್ಕಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಕಾರ್ಕಳದ ಅಕ್ಕನ ಮನೆಗೆ ಬಸ್ಸು ಹತ್ತಿದಳು. ತಿಲಕ್ ಮಡಿಲಲ್ಲಿ ನಿದ್ದೆ ಹೋದ. ಬಸ್ಸು ಬೆಳ್ಮಣ್ ದಾಟಿತು. ತೃಪ್ತಿ ಕೇಳಿದಳು:

"ಆ ಹುಡುಗ ನಮ್ಮ ಯಾವ ರೂಮಿನಲ್ಲಿದ್ದ, ಅಮ್ಮ?"