ಕೆಂಪು ದಾರ ಕಟ್ಟಿದ ವೈರು

ಆ ಬೀದಿಯಲ್ಲಿ ಯಾರ ಮನೆ ಮೋಟಾರು ಸುಟ್ಟರೂ ಓಡುತ್ತಿದ್ದದ್ದು ಮೇಸ್ತ್ರಿಯ ಅಂಗಡಿಗೆ. ಮಿಕ್ಸಿಯೋ, ಫ್ಯಾನೋ, ನೀರಿನ ಪಂಪೋ, ಏನೇ ಬರಲಿ, ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸದು ಸುತ್ತಿ ಕೊಡುವುದು ಅವನ ಕೆಲಸ. ಅದರಲ್ಲಿ ಅವನದೊಂದು ಶಿಸ್ತು. ಯಾವ ವೈರು ಬಿಚ್ಚುವ ಮೊದಲೂ ಅದಕ್ಕೊಂದು ಬಣ್ಣದ ದಾರ ಕಟ್ಟಬೇಕು, ಅದು ಕೂತಿದ್ದ ಜಾಗಕ್ಕೆ ಅದೇ ಬಣ್ಣದ ಚುಕ್ಕೆ ಇಡಬೇಕು. ಜೋಡಿಸುವಾಗ ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. "ಎಲ್ಲಿತ್ತೋ ಅಲ್ಲಿಗೇ ಹೋಗ್ಬೇಕು, ಅಷ್ಟೇ ನಮ್ಮ ವಿದ್ಯೆ" ಅನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದೇ ಒಂದು ವೈರು ಅಡ್ಡದಾರಿ ಹಿಡಿದಿರಲಿಲ್ಲ. ಆ ಜಂಬ ಅವನಿಗೆ ಇತ್ತು, ಇರಬೇಕಾದದ್ದೇ ಅನ್ನಿ.

ಅವನ ಹೆಂಡತಿ ಪಕ್ಕದ ಮಳಿಗೆಯಲ್ಲೇ ಟೈಪಿಂಗ್ ಅಂಗಡಿ ಇಟ್ಟಿದ್ದವಳು. ಅರ್ಜಿ, ಲಗ್ನಪತ್ರಿಕೆ, ಬಾಡಿಗೆ ಕರಾರು, ಎಲ್ಲ ಅವಳ ಬೆರಳಿನಿಂದಲೇ ಇಳಿಯಬೇಕು. ಮಾತಿನಲ್ಲೂ ಅಷ್ಟೇ ಚುರುಕು, ಗಂಡ ಒಂದು ಅಂದರೆ ಇವಳದು ಹತ್ತು. ಮೂರು ವರ್ಷದ ಹಿಂದೆ ಆ ಹಾಳು ಕಾಯಿಲೆ ಬಂತು. ಮೊದಲು ಕಾಲು ಹೋಯಿತು, ಆಮೇಲೆ ಕೈ, ಆಮೇಲೆ ನಾಲಿಗೆ. ತಲೆ ಮಾತ್ರ ಮೊದಲಿನ ಹಾಗೇ ಚೊಕ್ಕ. ಉಳಿದದ್ದು ಬಲಗೈಯ ತೋರುಬೆರಳು, ಅದೂ ಅರ್ಧ ಇಂಚು ಏಳುವಷ್ಟು. ಆ ಬೆರಳಿನ ಕೆಳಗೊಂದು ಗುಂಡಿ, ಮುಂದೆ ಕಂಪ್ಯೂಟರು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತಾ ಹೋಗುತ್ತವೆ, ಬೇಕಾದದ್ದು ಬಂದಾಗ ಇವಳು ಒತ್ತಬೇಕು, ಸಾಲು ಮುಗಿದರೆ ಕಂಪ್ಯೂಟರಿನ ಡಬ್ಬಿ ಅದನ್ನು ಗಟ್ಟಿಯಾಗಿ ಓದುತ್ತದೆ. "ರೀ" ಅನ್ನೋದಕ್ಕೆ ಮಾತ್ರ ಒಂದೇ ಒತ್ತು, ಅದನ್ನು ಅವಳೇ ಹಾಗೆ ಮಾಡಿಸಿಕೊಂಡಿದ್ದಳು. ಒಂದು ಬೈಗುಳ ಪೂರ್ತಿಯಾಗುವಷ್ಟರಲ್ಲಿ ಮೇಸ್ತ್ರಿ ಊಟ ಮುಗಿಸಿ ಕೈ ತೊಳೆದಿರುತ್ತಿದ್ದ. ಆದರೂ ನಿಂತು ಕೇಳಿಸಿಕೊಂಡೇ ಅಂಗಡಿಗೆ ಹೋಗುತ್ತಿದ್ದ.

ಆ ಬೆರಳೂ ಸೋಲತೊಡಗಿತು. "ಇನ್ನೊಂದು ವಾರವೋ ಹತ್ತು ದಿನವೋ" ಎಂದರು ಡಾಕ್ಟರು. "ಅಷ್ಟರೊಳಗೆ ಕಣ್ಣಲ್ಲಿ ಬರೆಯೋದು ಕಲಿತುಬಿಡಲಿ. ತಪ್ಪಾದರೆ ಅಳಿಸೋಕೆ ಬೆರಳಿದ್ದಾಗಲೇ ಕಲಿತರೆ ಸುಲಭ." ಕಣ್ಣು ಎತ್ತ ಹೋಯಿತೆಂದು ಹಿಡಿಯುವ ಒಂದು ಕ್ಯಾಮೆರಾ ಇದೆಯಂತೆ. ಅದನ್ನು ನಡೆಸಲು ಹಳೇ ಕಂಪ್ಯೂಟರಿಗೆ ತಾಕತ್ತಿಲ್ಲ, ಮೆಮೊರಿ ಹೆಚ್ಚಿಸಬೇಕು, ಪರದೆಗೆ ಚಿತ್ರ ಕಳಿಸುವ ಹೊಸ ಡಿಸ್‌ಪ್ಲೇ ಕಾರ್ಡು ಹಾಕಬೇಕು. ಸಾಮಾನು ಕೊಟ್ಟ ಅಂಗಡಿಯವನು, "ಇಲ್ಲಿಗೇ ತನ್ನಿ ಯಜಮಾನ್ರೇ, ಹಾಕ್ಕೊಡ್ತೀನಿ" ಎಂದ. ಮೇಸ್ತ್ರಿಗೆ ರೇಗಿತು. ಊರವರ ಮೋಟಾರೆಲ್ಲ ಬಿಚ್ಚುವವನು ಹೆಂಡತಿಯ ಬಾಯಿ ರಿಪೇರಿಗೆ ಇನ್ನೊಬ್ಬರ ಮುಂದೆ ನಿಲ್ಲುವುದೇ?

ಬೆಳಿಗ್ಗೆ ಅವಳ ಮಂಚದ ಪಕ್ಕದಲ್ಲೇ ಡಬ್ಬಿ ಬಿಚ್ಚಿದ. ಪರದೆಯ ವೈರಿಗೆ ಕೆಂಪು ದಾರ, ಡಬ್ಬಿಯ ಬೆನ್ನಿನ ತೂತಿಗೆ ಕೆಂಪು ಚುಕ್ಕೆ. ಮೆಮೊರಿ ಕೂತಿತು, ಕಾರ್ಡು ಕೂತಿತು, ವೈರುಗಳೆಲ್ಲ ತಂತಮ್ಮ ಚುಕ್ಕೆಗೆ ಹೋದವು. ಸ್ವಿಚ್ಚು ಹಾಕಿದ. ಫ್ಯಾನು ಗುರ್ ಎಂದಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪು.

"ಇರು ಕಣೇ, ಒಂದು ಗಳಿಗೆ" ಎಂದ. ಮೆಮೊರಿ ತೆಗೆದು ಒರೆಸಿ ಹಾಕಿದ. ಕಾರ್ಡು ಅಲ್ಲಾಡಿಸಿ ಕೂರಿಸಿದ. ಕಪ್ಪು. ಅವಳು ಡಬ್ಬಿಯ ಬೆನ್ನನ್ನೇ ನೋಡುತ್ತಿದ್ದಳು. ಅದರ ಹಿಂದೆ ಕಿಟಕಿ. "ಬಿಸಿಲು ಕಣ್ಣಿಗೆ ಹೊಡೀತಿದೆಯಾ?" ಎಂದು ಕಿಟಕಿಯ ಪರದೆ ಎಳೆದುಬಿಟ್ಟ. ಅಯ್ಯೋ ಪುಣ್ಯಾತ್ಮ!

ಹೌದೆನ್ನಲು ಬೆರಳೆತ್ತುವುದು, ಅಲ್ಲವೆನ್ನಲು ಸುಮ್ಮನಿರುವುದು, ಇದು ಅವರಿಬ್ಬರ ಒಪ್ಪಂದ. ಮೇಸ್ತ್ರಿ ಕೇಳಿದ. "ಮೆಮೊರೀದಾ?" ಬೆರಳು ಸುಮ್ಮನಿತ್ತು. "ಕರೆಂಟಿಂದಾ?" ಸುಮ್ಮನೆ. "ಕಾರ್ಡಿಂದಾ?" ಬೆರಳು ಎದ್ದಿತು, ಅರ್ಧಕ್ಕೇ ನಿಂತಿತು, ಇಳಿಯಿತು. "ಹಾಗಾದ್ರೆ ಕಾರ್ಡೇ ಕೆಟ್ಟಿದೆ ಅನ್ನು! ನನಗೂ ಹಾಗೇ ಅನ್ನಿಸ್ತು." ಅವಳು ಕಣ್ಣು ಮುಚ್ಚಿದಳು. ಅಕ್ಷರಗಳನ್ನು ಬಾಯಲ್ಲಿ ಹೇಳುತ್ತಾ ಹೋಗಿ ಅವಳಿಂದ ಒಂದು ಪದ ಹೊರಡಿಸಬಹುದಿತ್ತು. ಇನ್ನೇನು ಪರದೆ ಬಂದೇಬಿಡುತ್ತದಲ್ಲ ಎಂಬ ಧೈರ್ಯದಲ್ಲಿ ಅವನಿಗೆ ಅದು ಹೊಳೆಯಲೇ ಇಲ್ಲ.

ಎರಡನೇ ದಿನವೆಲ್ಲ ಅದೇ ಗೋಳು. ಅಂಗಡಿಯವನಿಗೆ ಫೋನು ಮಾಡಿದ. "ವೈರೆಲ್ಲ ಸರಿಯಾಗಿ ಹಾಕಿದೀರಾ?" ಎಂದು ಕೇಳಿದ್ದೇ ತಡ, ಇವನು ಹರಿಹಾಯ್ದ. "ನನಗೆ ವೈರು ಹಾಕೋದು ಹೇಳ್ಕೊಡ್ತೀಯೇನಯ್ಯಾ? ಎಲ್ಲಿತ್ತೋ ಅಲ್ಲಿಗೇ ಹಾಕಿದೀನಿ!" ಅಂಗಡಿಯವನು, "ಹಾಗಾದ್ರೆ ಕಾರ್ಡು ತನ್ನಿ, ನೋಡೋಣ" ಎಂದ.

ಮೂರನೇ ದಿನ ಹೆಂಡತಿಯ ಅಕ್ಕನನ್ನು ಮಂಚದ ಹತ್ತಿರ ಕೂರಿಸಿ, ಕಾರ್ಡು ಕಿತ್ತು, ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಕಾರ್ಡು ತೆಗೆದಾಗ ಸುಮ್ಮನೆ ಒಮ್ಮೆ ಸ್ವಿಚ್ಚು ಹಾಕಿದ್ದರೂ ಸಾಕಿತ್ತು, ಹಳೇ ತೂತಿಗೇ ಜೀವ ಬಂದು ಹಳೇ ಪರದೆ ಕಣ್ಣೆದುರು ನಿಲ್ಲುತ್ತಿತ್ತು. ಹೇಳಿ ಏನು ಬಂತು? ಹಾಕಲಿಲ್ಲ.

ಅಂಗಡಿಯಲ್ಲಿ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿದರು. ಝಗ್ಗನೆ ಪರದೆ ಬಂತು. ಮೇಸ್ತ್ರಿಯ ಮುಖ ಸಪ್ಪಗಾಯಿತು.

ಮಧ್ಯಾಹ್ನ ಮನೆಗೆ ಬಂದಾಗ ಅಕ್ಕ ಚೀಲ ಎತ್ತಿಕೊಂಡು, "ಪಾಪ, ಆರಾಮಾಗಿದ್ಲು, ಒಂದು ಸಲವೂ ಅಲ್ಲಾಡಲಿಲ್ಲ" ಎಂದು ಹೇಳಿ ಹೋದಳು. ಮೇಸ್ತ್ರಿ ಕಾರ್ಡನ್ನು ಮತ್ತೆ ಕೂರಿಸಿದ, ಕೆಂಪಿಗೆ ಕೆಂಪು ಹಾಕಿದ. ಕಪ್ಪು. ಮಂಚದ ಅಂಚಿನಲ್ಲಿ ಕೂತು ಮೊದಲಿಂದ ಕೇಳಲು ಶುರುಮಾಡಿದ.

"ಕಾರ್ಡು ಸರಿ ಇದೆಯಂತೆ. ಬೋರ್ಡೇ ಹೋಗಿದೆಯಾ?" ಬೆರಳು ಸುಮ್ಮನಿತ್ತು. "ಪರದೆ ಹೋಗಿದೆಯಾ?" ಸುಮ್ಮನೆ. "ನಾನೇ ಏನೋ ಎಡವಟ್ಟು ಮಾಡಿದೀನಾ?" ಅದಕ್ಕೂ ಸುಮ್ಮನೆ. ಇಲ್ಲವೆಂದಳಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು, ನೋಡಿ. "ಕೋಪಾನಾ?" ಇಲ್ಲ. "ನೀರು ಬೇಕಾ?" ಬೇಡ. ಅವನಿಗೂ ತಲೆ ಕೆಟ್ಟಿತು. "ಎಲ್ಲದಕ್ಕೂ ಇಲ್ಲ ಇಲ್ಲ! ನಾನು ನಿನ್ನ ಗಂಡ ಹೌದೋ ಅಲ್ವೋ, ಅದನ್ನಾದರೂ ಹೇಳು ಮಾರಾಯ್ತಿ!" ಎಂದು ನಕ್ಕ.

ಬೆರಳು ಸುಮ್ಮನಿತ್ತು. ಅವಳ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯುತ್ತಿತ್ತು.

ಮೇಸ್ತ್ರಿ ಆ ಬೆರಳನ್ನು ಕೈಯಲ್ಲಿ ಎತ್ತಿಕೊಂಡ. ಬಿಟ್ಟ. ಬಿಟ್ಟ ಜಾಗದಲ್ಲೇ ಬಿತ್ತು. ಇಷ್ಟು ಹೊತ್ತು ಅವನು ಸತ್ತ ಬೆರಳನ್ನು ಕೇಳುತ್ತಿದ್ದ. ಅದು ಯಾವಾಗ ನಿಂತಿತೋ, ಕೊನೇ ಸಲ ಯಾವುದಕ್ಕೆ ಏಳಲು ನೋಡಿತೋ, ದೇವರಿಗೇ ಗೊತ್ತು. ಅವನು ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಮುಖ ಒರೆಸಿಕೊಂಡು ನೋಡಿದರೆ ಅವಳು ರೆಪ್ಪೆ ಬಡಿಯುತ್ತಿದ್ದಳು, ಬೇಕೆಂದೇ, ನಿಧಾನವಾಗಿ.

ಆಗ ಹೊಳೆಯಿತು. "ಅಕ್ಷರ ಹೇಳ್ತೀನಿ, ಬಂದಾಗ ರೆಪ್ಪೆ ಮುಚ್ಚು" ಎಂದ. ಒಂದನೇ ಕ್ಲಾಸಿನಲ್ಲಿ ಕಲಿತದ್ದನ್ನು ತಡವರಿಸಿಕೊಂಡು ಶುರುಮಾಡಿದ. ಅ ಆ ದಾಟಿತು, ಕ ಖ ದಾಟಿತು. ತ ಥ ದ ಎಂದಾಗ ರೆಪ್ಪೆ ಮುಚ್ಚಿತು. ದ, ದಾ ಎಂದಾಗ ಮತ್ತೆ. ಆಮೇಲೆ ಪುನಃ ಮೊದಲಿಂದ ಹೇಳಿಕೊಂಡು ಬಂದು ಯ ರ ಎಂದಾಗ ಮುಚ್ಚಿತು. "ದಾರ? ಯಾವ ದಾರಾನೇ?"

ಅವಳ ಕಣ್ಣು ಹೋದ ಕಡೆ ಈ ಸಲ ಸರಿಯಾಗಿ ನೋಡಿದ. ಡಬ್ಬಿಯ ಬೆನ್ನು, ಕೆಂಪು ಚುಕ್ಕೆ, ಕೆಂಪು ದಾರ. ಅದರ ಕೆಳಗೆ, ಹೊಸ ಕಾರ್ಡಿನ ಮೇಲೆ, ಅಂಥದ್ದೇ ಇನ್ನೊಂದು ತೂತು. ಅದಕ್ಕೆ ಚುಕ್ಕೆಯೂ ಇರಲಿಲ್ಲ, ವೈರೂ ಇರಲಿಲ್ಲ. ಹೊಸ ಕಾರ್ಡು ಕೂತ ಮೇಲೆ ಪರದೆಯ ವೈರೂ ಹೊಸ ಮನೆಗೇ ಹೋಗಬೇಕು. ಮೂರು ದಿನ ಅವನು ಅದನ್ನು ಶಿಸ್ತಾಗಿ ಹಳೇ ಮನೆಗೇ ಕಳಿಸಿದ್ದ.

ದಾರ ಬಿಚ್ಚಿ ವೈರು ಬದಲಾಯಿಸಿದ. ಪರದೆ ಬಂತು. ಖುಷಿಪಡಲು ಅವನಲ್ಲಿ ಏನೂ ಉಳಿದಿರಲಿಲ್ಲ.

ಕ್ಯಾಮೆರಾ ಅವಳ ಕಣ್ಣನ್ನು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಅಳುವಿನಿಂದ ರೆಪ್ಪೆ ಊದಿತ್ತು, ಮೂರಕ್ಕೆ ಒಂದು ಅಕ್ಷರ ಸಿಕ್ಕರೆ ಹೆಚ್ಚು. ಬೇಡದ ಅಕ್ಷರ ಬಿದ್ದರೆ ಅಳಿಸಲು ಬೆರಳಿಲ್ಲ. ಮತ್ತೆ ಕಣ್ಣಲ್ಲೇ ಅಳಿಸಬೇಕು, ಅಳಿಸಲು ಹೋಗಿ ಇನ್ನೊಂದು ಬೀಳುತ್ತದೆ. ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಬೈಗುಳವೇ ಬರಲಿ ಎಂದು ಬೇಡಿಕೊಳ್ಳುತ್ತಿದ್ದ. ಹತ್ತಿರ ಹತ್ತಿರ ಒಂದು ಗಂಟೆಯಾದ ಮೇಲೆ ಡಬ್ಬಿ ಓದಿತು.

"ಮೊದಲ ದಿನವೇ ನೋಡಿದ್ದೆ ರೀ."

ಅಷ್ಟೇ. ಮೇಸ್ತ್ರಿ ಎರಡು ಕೈಯಲ್ಲಿ ಅವಳ ಬಲಗೈ ಹಿಡಿದುಕೊಂಡ. "ಬೈಯೇ. ಬಾಯಿಗೆ ಬಂದ ಹಾಗೆ ಬೈಯೇ, ಎಷ್ಟು ಹೊತ್ತಾದ್ರೂ ಕೂತಿರ್ತೀನಿ" ಎಂದ. ಅವಳು ಅವನನ್ನೇ ನೋಡಿದಳು. ಪರದೆಯ ಕಡೆ ಕಣ್ಣು ತಿರುಗಿಸಲು ಹೋದಳು, ಅರ್ಧ ದಾರಿಯಲ್ಲಿ ದಣಿದು ರೆಪ್ಪೆ ಮುಚ್ಚಿಕೊಂಡಿತು. ಪರದೆಯ ಮೇಲೆ ಒಂದು ಸಾಲು ಮೂಡಿತು, ಕಣ್ಣು ಸಿಗುತ್ತಿಲ್ಲ ಎಂದು. ಅವನು ಕೈ ಬಿಡದೆ ಅದನ್ನೇ ಓದುತ್ತಾ ಕೂತ.